ಜಗಲಿಯ ಮೇಲಿನ ಕಾಲಿಂಗ್‌ವುಡ್ ಕಲ್ಲು

ನಮ್ಮ ಮನೆಯ ದೇವರ ಜಗಲಿಯ ಮೇಲೆ ಮೊನ್ನೆ ಮೊನ್ನೆಯವರೆಗೆ ಒಂದು ಕಲ್ಲಿತ್ತು. ನಿಂಬೆಹಣ್ಣಿಗಿಂತ ತುಸು ದೊಡ್ಡದು, ಬೂದು ಬಣ್ಣ, ಒಂದು ಬದಿ ಚಪ್ಪಟೆ. ದಿನಾ ಸ್ನಾನವಾದ ಮೇಲೆ ನನ್ನ ಹೆಂಡತಿ ಕಸ್ತೂರಿ ಅದಕ್ಕೂ ವಿಭೂತಿ ಹಚ್ಚಿ ಒಂದು ಹೂವು ಏರಿಸುತ್ತಿದ್ದಳು. ಕೆನಡಾದ ಮಿಲ್ಟನ್ನಿನ ನಮ್ಮ ಮನೆಗೆ ಬಂದವರು "ಇದೇನ್ರೀ, ಸಾಲಿಗ್ರಾಮವಾ?" ಎಂದು ಕೇಳಿದರೆ, "ಅಲ್ರೀ, ಕಾಲಿಂಗ್‌ವುಡ್ಡಿಂದು" ಎನ್ನುತ್ತಿದ್ದಳು. ಕಾಶಿಗೆ ಹೋಗಿ ಬಂದವರು ಕಾಶಿಯ ಹೆಸರು ಹೇಳುತ್ತಾರಲ್ಲ, ಆ ದನಿಯಲ್ಲಿ. ಆಗೆಲ್ಲ ನಾನು ನೀರು ಕುಡಿಯುವ ನೆಪ ಮಾಡಿ ಅಡಿಗೆಮನೆಗೆ ಹೋಗುತ್ತಿದ್ದೆ. ಇಪ್ಪತ್ತೆರಡು ವರ್ಷಗಳಲ್ಲಿ ಹಾಗೆ ಎಷ್ಟು ಕೊಡ ನೀರು ಕುಡಿದೆನೋ ಲೆಕ್ಕವಿಲ್ಲ.

ನಾನು ಹತ್ತನೆಯ ಇಯತ್ತೆಯವರೆಗೆ ಓದಿದವನು. ಇಲ್ಲಿನ ಗೋದಾಮುಗಳಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ನಿವೃತ್ತನಾದವನು. ಬರೆದು ರೂಢಿಯಿಲ್ಲ. ಆದರೆ ನನ್ನ ಒಂದು ಸುಳ್ಳನ್ನು ನಾನು ಊರಿಗೆಲ್ಲ ಹಂಚಿದ್ದೇನೆ. ಹಂಚಿದ್ದನ್ನು ವಾಪಸು ತೆಗೆದುಕೊಳ್ಳುವುದೂ ಊರೆದುರಿಗೇ ಆಗಬೇಕಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಂಚಿದ್ದು ಏನೆಂದು ಹೇಳುತ್ತೇನೆ. ಇಲ್ಲಿನ ಕನ್ನಡಿಗರ ನಡುವೆ ನನಗೊಂದು ಹೆಸರಿದೆ. ಅದು ಸ್ಕೀ ಗುಡ್ಡಗಳ ವಿಷಯದಲ್ಲಿ. ಸ್ಕೀ ಹಲಗೆಯ ಮೇಲೆ ನಾನು ಒಂದು ಸಲವೂ ಕಾಲಿಟ್ಟವನಲ್ಲ. ಆದರೂ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತಾಗ ಬೆಂಗಳೂರು, ಮೈಸೂರು ಕಡೆಯ ಸಾಫ್ಟ್‌ವೇರ್ ಹುಡುಗರು ನನ್ನನ್ನು ಕೇಳುತ್ತಿದ್ದರು, "ಅಂಕಲ್, ಈ ಸಲ ಕುಬೆಕ್‌ಗೆ ಹೋಗೋಣ ಅಂತಿದೀವಿ. ಇಲ್ಲಾ ಆಲ್ಬರ್ಟಾಗೇ ಹೋಗಿಬಿಡೋಣ್ವಾ?"

"ಎಲ್ಲಿಗಿ ಹೋದ್ರೂ ಅಷ್ಟ ತಮ್ಮಾ, ಎಲ್ಲಾ ಒಂದ" ಎನ್ನುತ್ತಿದ್ದೆ ನಾನು, ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತ.

ಆಮೇಲೆ ವಿವರಿಸುತ್ತಿದ್ದೆ. ಗದಗಿನ ಬಸ್‌ಸ್ಟ್ಯಾಂಡಿಗೂ ಬೈಲಹೊಂಗಲದ ಬಸ್‌ಸ್ಟ್ಯಾಂಡಿಗೂ ಏನು ಫರಕು? ಅದೇ ಡೀಸೆಲ್ ವಾಸನೆ, ಅದೇ ಶೇಂಗಾ ಸಿಪ್ಪೆ, ಅದೇ ಗೊಗ್ಗರ ದನಿಯ ಮೈಕು. ಕಣ್ಣು ಕಟ್ಟಿ ಇಳಿಸಿದರೆ ಊರು ಗುರುತಿಸಲಾರಿರಿ. ಸ್ಕೀ ಗುಡ್ಡವೂ ಹಾಗೆಯೇ. ಮೊದಲು ಕೆಸರು ಹಿಮದ ಪಾರ್ಕಿಂಗ್ ಲಾಟು. ಆಮೇಲೆ ಮರದ ದೊಡ್ಡ ಮನೆ. ಒಳಗೆ ಒದ್ದೆ ಸಾಕ್ಸಿನ ವಾಸನೆ, ಅದರ ಮೇಲೆ ಆಲೂಗಡ್ಡೆ ಕರಿದ ವಾಸನೆ. ಪ್ಲಾಸ್ಟಿಕ್ಕಿನ ಭಾರದ ಬೂಟು ಹಾಕಿಕೊಂಡು ಟಕ್ ಟಕ್ ಎಂದು, ಆಣಿಯಾದ ಕಾಲಿನವರ ಹಾಗೆ ನಡೆಯುವ ಜನ. ಒಂದು ಕಡೆ ಅಳುವ ಕೂಸು, ಇನ್ನೊಂದು ಕಡೆ ಕಳೆದುಹೋದ ಒಂಟಿ ಕೈಗವಸು. ಮೇಲೆ ಹಗ್ಗಕ್ಕೆ ಜೋತುಬಿದ್ದ ಕುರ್ಚಿಗಳು, ರಾಟಿ ದಾಟುವಾಗಲೆಲ್ಲ ಕಟಕಟ ಸದ್ದು. ಗೋದಾಮಿನವರು ಬಸ್ಸು ಮಾಡಿಕೊಂಡು ಉತ್ತರದ ಬ್ಯಾರಿ ಎಂಬ ಊರಿನ ಆಚೆ ಕರೆದೊಯ್ದಾಗಲೂ ಇದನ್ನೇ ನೋಡಿದೆ. ಮಗಳು ಕುಬೆಕ್‌ಗೆ ಕರೆದೊಯ್ದಾಗಲೂ ಇದನ್ನೇ ನೋಡಿದೆ. ಅಲ್ಲಿ ಅಳುವ ಕೂಸು ಫ್ರೆಂಚಿನಲ್ಲಿ ಅಳುತ್ತಿತ್ತು, ಅಷ್ಟೇ.

ಹುಡುಗರು ನಗುತ್ತಿದ್ದರು. "ಅಂಕಲ್ ಹೇಳೋದು ಕರೆಕ್ಟ್" ಎನ್ನುತ್ತಿದ್ದರು. ಒಂದಿಬ್ಬರು ನನ್ನ ಮಾತು ಕೇಳಿ ದೂರದ ಪ್ರವಾಸ ಬಿಟ್ಟು ಹತ್ತಿರದ ಗುಡ್ಡಕ್ಕೇ ಹೋಗಿ ಬಂದದ್ದೂ ಉಂಟು. ಅವರ ಕ್ಷಮೆ ಕೇಳುತ್ತೇನೆ. ಯಾಕೆಂದರೆ ಈ ಸಿದ್ಧಾಂತ ನೋಡಿ ಕಂಡುಕೊಂಡದ್ದಲ್ಲ. ಒಂದು ದಿನದ ಸುಳ್ಳನ್ನು ಮುಚ್ಚುವುದಕ್ಕೆ ಕಟ್ಟಿದ್ದು.

ಆಗ ನಾವು ನಾರ್ತ್ ಯಾರ್ಕಿನಲ್ಲಿ, ಹದಿನಾರನೆಯ ಮಹಡಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಇದ್ದೆವು. ಕೆನಡಾಕ್ಕೆ ಬಂದು ಎರಡನೆಯ ಚಳಿಗಾಲ. ಮಗಳು ವೀಣಾಳಿಗೆ ನಾಲ್ಕು ವರ್ಷ. ಅರೋರಾದಲ್ಲಿದ್ದ ಮೈಸೂರಿನ ಹೆಣ್ಣುಮಗಳೊಬ್ಬಳು ಕಸ್ತೂರಿಗೆ, "ನೀವಿನ್ನೂ ಕಾಲಿಂಗ್‌ವುಡ್ ನೋಡಿಲ್ವಾ? ಅಯ್ಯೋ, ಅಲ್ಲಿನ ಸ್ನೋ ಬೆಟ್ಟ ನೋಡ್ಬೇಕು ರೀ!" ಎಂದಿದ್ದಳು. ಅಂದಿನಿಂದ ಕಸ್ತೂರಿಗೆ ಉತ್ತರಕ್ಕೆ ಎರಡು ತಾಸಿನ ದಾರಿಯ ಆ ಊರಿನದೇ ಧ್ಯಾನ. ನಾವು ಅಣ್ಣಿಗೇರಿ ಕಡೆಯ ಎರೆ ನೆಲದವರು. ಕಣ್ಣು ಹರಿದಲ್ಲೆಲ್ಲ ಸಪಾಟು ಕಪ್ಪು ಹೊಲ. ತಿಪ್ಪೆ ಬಿಟ್ಟರೆ ಎತ್ತರವೆಂಬುದನ್ನು ಕಾಣದೆ ಬೆಳೆದವರು. ಅವಳಿಗೆ ಗುಡ್ಡದ ಹಂಬಲ ಬಂದದ್ದು ಸಹಜ.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಬಂಡಿ ಹೂಡಿ ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲು ಹುಡುಕಿ ಪಾಂಡವರೆಂದು ಪೂಜಿಸಿ, ಮಾಡಿದ ಅಡಿಗೆಯನ್ನೆಲ್ಲ ಕಲಸಿ, ಹೊಲದ ಸುತ್ತ ನೆಲಕ್ಕೆ ಚೆಲ್ಲುತ್ತೇವೆ. ಅದು ಚರಗ. ನೆಲ ಬಸುರಿ, ಅವಳ ಬಯಕೆಗೆ ಊಟ ಬಡಿಸುವುದು ಎಂದು ನಮ್ಮವ್ವ ಹೇಳುತ್ತಿದ್ದಳು. ಮುಂದೆ ನಡೆಯುವವರು ಚರಗ ಚೆಲ್ಲುತ್ತ "ಹುಲ್ಲುಲ್ಲಿಗೋ…" ಎಂದು ಕೂಗಬೇಕು. ಹಿಂದಿನವರು ತಂಬಿಗೆಯ ನೀರು ಚಿಮುಕಿಸುತ್ತ "ಚಲ್ಲಾಂಬರಿಗೋ…" ಎಂದು ಕೂಗಿಗೆ ಕೂಗು ಕೊಡಬೇಕು. ಚಿಕ್ಕಂದಿನಲ್ಲಿ ನಮ್ಮಪ್ಪನ ಹಿಂದೆ ತಂಬಿಗೆ ಹಿಡಿಯುತ್ತಿದ್ದವನು ನಾನೇ. ನನ್ನ ಕೂಗು ಮೂರು ಹೊಲದ ಆಚೆ ಕೇಳುತ್ತಿತ್ತಂತೆ. "ನಿನ್ನ ಧ್ವನಿಗೆ ಹಕ್ಕಿ ಓಡಿ ಹೋಗತಾವ, ಚರಗ ತಿನ್ನಾವ್ರ್ಯಾರು" ಎಂದು ಅಪ್ಪ ಬೈಯುತ್ತಿದ್ದರು. ಅದು ಬೈಗುಳದ ಹಾಗೆ ಕೇಳುತ್ತಿರಲಿಲ್ಲ.

"ಇಲ್ಲಿ ಹೊಲಾ ಎಲ್ಲೈತಿ ನಮಗ? ಕಾಲಿಂಗ್‌ವುಡ್ಡಿಗೆ ಹೋಗಿ ಚರಗಾ ಚೆಲ್ಲೂಣು, ಗುಡ್ಡಾನೂ ನೋಡಿದಂಗ ಆತು" ಎಂದಳು ಕಸ್ತೂರಿ.

"ಅದಕ್ಕೇನ, ಎಂಥಾ ಸ್ನೋ ಬೀಳವಲ್ದ್ಯಾಕ, ನಾ ಓಡಸ್ತೀನಿ" ಎಂದೆ.

ಹಾಗೆ ಅಂದ ಗಂಡಸು ಹಿಂದಿನ ವಾರವೇ ಹಿಮದ ಮೇಲೆ ಕಾರು ಜಾರಿಸಿ, ಅದು ಬುಗುರಿಯ ಹಾಗೆ ಪೂರ್ತಿ ಒಂದು ಸುತ್ತು ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತು, ಕಾಲು ಗಂಟೆ ಸ್ಟಿಯರಿಂಗ್ ಬಿಡಲಾಗದೆ ಕುಳಿತಿದ್ದ. ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ಕಸ್ತೂರಿ ಬೆಳಗಿನ ಜಾವ ಎದ್ದು ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಡುಬು, ಎಳ್ಳು ಹೋಳಿಗೆ, ಮೊಸರು ಬುತ್ತಿ ಎಲ್ಲ ಕಟ್ಟಿದಳು. ಕಾರಿನಲ್ಲಿ ಕುಳಿತ ಹತ್ತೇ ನಿಮಿಷಕ್ಕೆ ತಾಯಿ ಮಗಳು ಇಬ್ಬರಿಗೂ ನಿದ್ದೆ. ನಾಲ್ಕುನೂರನೆಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟೆ. ಅರ್ಧ ತಾಸಿನಲ್ಲಿ ಎದುರಿನಿಂದ ಹಿಮ ಸುರಿಯತೊಡಗಿತು. ಹಿಟ್ಟಿನ ಗಿರಣಿಯ ಬಾಯಿಗೆ ಮುಖ ಒಡ್ಡಿದ ಹಾಗೆ. ಮುಂದಿನ ಲಾರಿಯ ಕೆಂಪು ದೀಪ ಮಾಯವಾಯಿತು. ನನ್ನ ಮೊಳಕೈಯವರೆಗೆ ನಡುಕ. ಸಿಕ್ಕ ಎಕ್ಸಿಟ್ಟಿನಲ್ಲಿ ಇಳಿದುಬಿಟ್ಟೆ. ಅರೋರಾದ ಒಳರಸ್ತೆಗಳಲ್ಲಿ ಎತ್ತಿನ ಬಂಡಿಯ ವೇಗದಲ್ಲಿ ತಿರುಗಾಡಿದೆ. ಅವಳನ್ನು ಎಬ್ಬಿಸಿ "ಅಂಜಿಕಿ ಆತು, ತಿರುಗಿ ಹೋಗೂಣು" ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಎನ್ನಲಿಲ್ಲ. ಆಗ ನಾನು ಕೆಲಸಕ್ಕೆ ಮಿಲ್ಟನ್ನಿಗೆ ಹೋಗುತ್ತಿದ್ದೆ. ಆ ರಸ್ತೆಯ ತಿರುವು ತಿರುವೂ ಗೊತ್ತು. ಅಲ್ಲೊಂದು ಸ್ಕೀ ಗುಡ್ಡವಿರುವುದೂ ಗೊತ್ತು. ದಕ್ಷಿಣಕ್ಕೆ ಇಳಿದು, ಪಶ್ಚಿಮಕ್ಕೆ ಹೊರಳಿ, ಒಟ್ಟು ಮೂರು ತಾಸು ಕಾರು ಓಡಿಸಿ, ಆ ಗುಡ್ಡದ ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸಿದೆ. ಹೆಸರಿನ ಬೋರ್ಡಿನ ಮೇಲೆ ಅಂಗೈ ದಪ್ಪ ಹಿಮ ಮೆತ್ತಿತ್ತು.

ಕಸ್ತೂರಿ ಕಣ್ಣು ತೆರೆದಳು. "ಬಂತೇನ್ರಿ ಕಾಲಿಂಗ್‌ವುಡ್ಡು?"

"ಹ್ಞೂಂ" ಎಂದೆ.

ಒಂದೇ ಅಕ್ಷರ. ಅಷ್ಟು ಚಿಕ್ಕ ಸುಳ್ಳು ಇಷ್ಟು ವರ್ಷ ಬಾಳಿತು.

ಕಾರಿನಿಂದ ಇಳಿದವಳು ಬಾಗಿಲು ಹಾಕುವುದನ್ನೂ ಮರೆತು ನಿಂತಳು. ಸೀರೆಯ ಮೇಲೆ ಗಂಡಸರ ಜಾಕೀಟು, ತಲೆಗೆ ಉಣ್ಣೆ ಟೊಪ್ಪಿಗೆ. ಎದುರಿಗೆ ಬಿಳಿಯ ಇಳಿಜಾರು. ಅದರ ಮೇಲಿಂದ ಕೆಂಪು, ನೀಲಿ, ಹಳದಿ ಮನುಷ್ಯರು ಸದ್ದಿಲ್ಲದೆ ಜಾರಿ ಬರುತ್ತಿದ್ದರು.

"ಅಬ್ಬಬ್ಬಾ! ಮಂದಿ ಹಕ್ಕಿ ಆಗ್ಯಾರಲ್ರೀ!" ಎಂದಳು. ಕಾಲ ತುದಿಯಿಂದ ಹಿಮ ಕೆದರಿ, "ಇಷ್ಟ ಬೆಳ್ಳನ್ನ ನೆಲದ ಬುಡಕ್ಕೂ ನಮ್ಮಂಗ ಮಣ್ಣ ಇರತೈತೇನ್ರಿ?"

"ಮತ್ತೇನ ಇರತೈತಿ? ಮಣ್ಣ" ಎಂದೆ. ನನ್ನ ಕಣ್ಣು ಬೋರ್ಡಿನ ಮೇಲಿತ್ತು. ಬಿಸಿಲು ಬಂದು ಹಿಮ ಉದುರಿದರೆ ಗತಿಯೇನು?

ಹಿಮ ಬಾಚುವ ಗಾಡಿ ಅಂಚಿಗೆ ತಳ್ಳಿದ್ದ ರಾಶಿಯಲ್ಲಿ ಅವಳು ಐದು ಕಲ್ಲು ಆರಿಸಿದಳು. ಒಂದು ಕೆಂಪು ಶೆಡ್ಡಿನ ಮಗ್ಗುಲಲ್ಲಿ ಪಾಂಡವರನ್ನು ಕೂಡಿಸಿ ಕುಂಕುಮ ಹಚ್ಚಿದಳು. ಎರಡೂ ಅಂಗೈ ಹಿಮದ ಮೇಲೆ ಊರಿ, "ತಾಯಿ, ನಾವು ಗುರ್ತು ಇಲ್ದ ಮಂದಿ. ನಮ್ಮನ್ನ ಇಲ್ಲೆ ಇಟಗೋ. ನೆಲಿ ಹತ್ತಿದ್ರ ಮತ್ತ ಬಂದು ನಿನಗ ಚರಗಾ ಚೆಲ್ಲತೀನಿ" ಎಂದು ಹರಕೆ ಹೊತ್ತಳು. ಆಮೇಲೆ ಚರಗ ಹಿಡಿದು ಎದ್ದು, ಕೂಗಿದಳು: "ಹುಲ್ಲುಲ್ಲಿಗೋ…"

ನಾನು ನೀರು ಹಿಡಿದು ಹಿಂದೆ ನಿಂತಿದ್ದೆ. ನಾಲ್ಕು ಜನ ತಿರುಗಿ ನೋಡಿದರು. ನಾನು ಬಗ್ಗಿ ಕಾರಿನ ಟಾಯರು ನೋಡತೊಡಗಿದೆ. ಅವಳು ಮತ್ತೊಮ್ಮೆ ಕೂಗಿದಳು. ಹಿಂದಿನಿಂದ ಕೂಗು ಬರಲಿಲ್ಲ. ಮೂರನೆಯ ಸಲ ಅವಳ ದನಿ ಸಣ್ಣದಾಗಿತ್ತು. ನನಗಿಂತ ಹೆಚ್ಚು ನಾಚಿಕೆಯಿಲ್ಲದ ಎರಡು ಕಾಗೆ ಬಂದು ಕಡುಬು ಎತ್ತಿಕೊಂಡು ಹೋದವು. ಹೊರಡುವಾಗ ಐದರಲ್ಲೊಂದು ಕಲ್ಲನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡಳು. ಅದೇ ಜಗಲಿಯ ಕಲ್ಲು.

ನೆಲೆ ಹತ್ತಿತು. ಕೆಲಸ ಕಾಯಂ ಆಯಿತು. ಆರು ವರ್ಷಕ್ಕೆ ಮನೆಯೂ ಆಯಿತು. ಎಲ್ಲಿ? ಮಿಲ್ಟನ್ನಿನಲ್ಲಿ. ಹೊಸ ಬಡಾವಣೆ, ಎಲ್ಲ ಮನೆಯೂ ಒಂದೇ ಥರ. ಗೃಹಪ್ರವೇಶದ ದಿನ ಕಸ್ತೂರಿ ಮೇಲಿನ ಮಲಗುವ ಕೋಣೆಯ ಕಿಟಕಿ ತೆರೆದು ನನ್ನನ್ನು ಕೂಗಿದಳು.

"ಇಲ್ನೋಡ್ರಿ, ಇಲ್ಲೂ ಒಂದ್ ಗುಡ್ಡ ಐತಿ! ಥೇಟ ಕಾಲಿಂಗ್‌ವುಡ್ಡಿನಂಗ!"

"ಎಲ್ಲಾ ಸ್ಕೀ ಗುಡ್ಡಾ ಒಂದ ಥರಾ ಇರತಾವು" ಎಂದೆ. ನನ್ನ ಸಿದ್ಧಾಂತ ಹುಟ್ಟಿದ ಗಳಿಗೆ ಅದು.

ಅವಳು ಮತ್ತೊಮ್ಮೆ ನೋಡಿ ತಲೆಯಾಡಿಸಿದಳು. "ಆದ್ರೂ ಅದರ ಗಾಂಭೀರ್ಯ ಇದಕ್ಕಿಲ್ಲ ಬಿಡ್ರಿ. ಕಾಲಿಂಗ್‌ವುಡ್ಡಿನ ಮುಂದ ಇದು ಹುತ್ತ."

ಅಂದಿನಿಂದ ನಮ್ಮ ಮನೆಯಲ್ಲಿ ಆ ಗುಡ್ಡಕ್ಕೆ ಹುತ್ತ ಎಂದೇ ಹೆಸರು. "ಹುತ್ತದ ಮ್ಯಾಲ ದೀಪಾ ಹಚ್ಚ್ಯಾರ ನೋಡ್ರಿ." "ಹುತ್ತಕ್ಕ ಇನ್ನೂ ಸ್ನೋ ಬಿದ್ದಿಲ್ಲ." ಕುಬೆಕ್‌ನಲ್ಲಿ ಮೋಡ ಮುಟ್ಟುವ ಬೆಟ್ಟದ ಬುಡದಲ್ಲಿ ನಿಂತು ಅವಳು, "ಚಂದ ಐತಿ. ಆದ್ರ ಮೊದಲ ನೋಡಿದ್ದು ಮೊದಲ" ಎಂದಳು. ಅವಳ ಮನಸ್ಸಿನಲ್ಲಿ ಆ ಕಾಲಿಂಗ್‌ವುಡ್ಡು ವರ್ಷ ವರ್ಷ ಬೆಳೆಯುತ್ತಿತ್ತು. ಮಲಗುವ ಕೋಣೆಯ ಕಿಟಕಿಯಲ್ಲಿ ಅದೇ ಗುಡ್ಡ ದಿನಾ ಅವಳಿಂದ ಬೈಸಿಕೊಳ್ಳುತ್ತಿತ್ತು.

ಒಮ್ಮೆ ಸಿಕ್ಕಿಬೀಳುವುದರಲ್ಲಿದ್ದೆ. ವೀಣಾ ಏಳನೆಯ ತರಗತಿಯಲ್ಲಿ ಶಾಲೆಯವರ ಜೊತೆ ಹುತ್ತಕ್ಕೆ ಸ್ಕೀ ಕಲಿಯಲು ಹೋಗಿ ಬಂದವಳು, ಗೋಡೆಯ ಮೇಲಿದ್ದ, ಮೊದಲ ಚರಗದ ದಿನ ಪಾಂಡವರ ಮುಂದೆ ತೆಗೆದ ಹಳೆಯ ಫೋಟೋ ಎದುರು ನಿಂತಳು. "ಅಪ್ಪಾ, ದಿಸ್ ರೆಡ್ ಶೆಡ್! ಸೇಮ್ ಶೆಡ್ ಇಲ್ಲೂ ಇದೆ. ವಿತ್ ದ ಸೇಮ್ ಬ್ರೋಕನ್ ವಿಂಡೋ."

"ಶೆಡ್ಡು ಮಾಡೋ ಕಂಪನಿ ಒಂದ ಇರತೈತಿ" ಎಂದೆ.

"ಬ್ರೋಕನ್ ವಿಂಡೋನೂ ಕಂಪನಿನೇ ಮಾಡುತ್ತಾ?"

ಫೋಟೋಗೆ ಗೆದ್ದಲು ಹಿಡಿದಿದೆ ಎಂದು ಹೇಳಿ ಮರುದಿನ ಬೇಸ್‌ಮೆಂಟಿಗೆ ಸಾಗಿಸಿದೆ. ಕೆನಡಾದಲ್ಲಿ ಗೆದ್ದಲು!

ನಗುವಂಥದ್ದು ಇಷ್ಟೇ. ಉಳಿದದ್ದು ನಗುವಂಥದ್ದಲ್ಲ. ಪ್ರತಿ ಎಳ್ಳ ಅಮಾವಾಸ್ಯೆಗೂ ಕಸ್ತೂರಿ "ಹರಕಿ ತೀರಸಬೇಕ್ರಿ, ಕಾಲಿಂಗ್‌ವುಡ್ಡಿಗೆ ಹೋಗೂಣು" ಎನ್ನುತ್ತಿದ್ದಳು. ನಾನು ಒಂದು ವರ್ಷ ಶಿಫ್ಟು, ಒಂದು ವರ್ಷ ಟಾಯರು, ಒಂದು ವರ್ಷ ಬೆನ್ನುನೋವು ಎನ್ನುತ್ತಿದ್ದೆ. ನಿಜವಾದ ಕಾಲಿಂಗ್‌ವುಡ್ಡಿಗೆ ಹೋದರೆ ಸುಳ್ಳು ಹೊರಬೀಳುತ್ತದಲ್ಲ. ಅವಳು ಹಿತ್ತಲಿನ ಅಂಗೈಯಗಲದ ಹುಲ್ಲಿನಲ್ಲಿ ಚರಗ ಚೆಲ್ಲಿ ಸುಮ್ಮನಾಗುತ್ತಿದ್ದಳು. ಒಂದು ಚಳಿಗಾಲ ಮೆಟ್ಟಿಲ ಮೇಲಿನ ಮಂಜುಗಡ್ಡೆಯಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿಕೊಂಡು ಬರುವಾಗ ಕಾರಿನಲ್ಲಿ, "ಮಾತ ಕೊಟ್ಟ ಮರತೆ ನೋಡ್ರಿ. ನಾವು ಮರತ್ರ ನೆಲ ಮರೀತೈತೇನು?" ಎಂದಳು. ತಪ್ಪು ನನ್ನದು, ತಪ್ಪೊಪ್ಪಿಗೆ ಅವಳದು. ಅವತ್ತೂ ನಾನು ಬಾಯಿ ಬಿಡಲಿಲ್ಲ. ಇಡೀ ಕಥೆಯಲ್ಲಿ ನನಗೆ ಹೆಚ್ಚು ಹೇಸಿಗೆ ಹುಟ್ಟಿಸುವುದು ಈ ಮೌನವೇ.

ಈ ಚಳಿಗಾಲ ಅವಳ ಮೊಣಕಾಲಿನ ಆಪರೇಶನ್ನಿಗೆ ದಿನ ಗೊತ್ತಾಯಿತು. "ಅದಕ್ಕಿಂತ ಮೊದಲ ಹರಕಿ" ಎಂದಳು. ನನ್ನನ್ನು ಕೇಳಲೇ ಇಲ್ಲ, ಮಗಳಿಗೆ ಫೋನ್ ಮಾಡಿದಳು. ವೀಣಾ ರಜೆ ಹಾಕಿ ಬಂದಳು. "ಅಮ್ಮಾ, ಐ ವಿಲ್ ಡ್ರೈವ್. ಅಪ್ಪ ಹಿಂದೆ ಕೂತ್ಕೊಳ್ಳಲಿ."

ಬುತ್ತಿಯ ಗಂಟು ನನ್ನ ತೊಡೆಯ ಮೇಲೆ. ಕಸ್ತೂರಿಯ ತೊಡೆಯ ಮೇಲೆ ಕಲ್ಲು, ಹೊಸ ಖಣದ ಬಟ್ಟೆಯಲ್ಲಿ ಸುತ್ತಿದ್ದು. "ಇದನ್ನೂ ಅದರ ಮನಿಗೆ ಮುಟ್ಟಿಸಿ ಬಿಡೂಣು. ಸಾಕಷ್ಟು ವರ್ಷ ನಮ್ಮ ಮನ್ಯಾಗಿತ್ತು" ಎಂದಳು.

ಎರಡು ತಾಸಿನ ನಂತರ ಒಂದು ತಿರುವಿನಲ್ಲಿ ಅದು ಕಾಣಿಸಿತು. ನಾನು ಏನು ಹೇಳಲಿ? ದಿಗಂತದ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬೆಟ್ಟ, ಮಲಗಿದ ಆನೆಯ ಬೆನ್ನು. ಅದರ ಮೈಮೇಲೆ ಮೇಲಿಂದ ಕೆಳಗೆ ಹತ್ತಾರು ಬಿಳಿ ದಾರಿಗಳು, ವಿಭೂತಿ ಅದ್ದಿದ ಬೆರಳು ಎಳೆದ ಹಾಗೆ. ಎದುರಿಗೆ ಹೆಪ್ಪುಗಟ್ಟಿದ ಸರೋವರ, ಆಚೆ ದಂಡೆಯೇ ಇಲ್ಲ. ಬೆಟ್ಟದ ತುದಿಯಲ್ಲಿ ಮನುಷ್ಯರು ಎಳ್ಳುಕಾಳು. ಎಳ್ಳುಕಾಳು ಜಾರಿ ಜಾರಿ ಬಂದು ಕಾಲಬುಡದಲ್ಲಿ ಮನುಷ್ಯರಾಗುತ್ತಿದ್ದವು. ನಾನು ಬಾಯಿ ತೆರೆದು ನಿಂತೆ. ಇಂಥದ್ದನ್ನು 'ಎಲ್ಲಾ ಒಂದ' ಎಂದು ಎಷ್ಟು ಜನರಿಗೆ ಹೇಳಿದ್ದೆ! ಪಾರ್ಕಿಂಗಿನ ಕೆಸರು ಅದೇ, ಒದ್ದೆ ಸಾಕ್ಸು ಅದೇ, ಕುರ್ಚಿಯ ಕಟಕಟವೂ ಅದೇ. ಬೆಟ್ಟ ಮಾತ್ರ ಅದಲ್ಲ. ಅಥವಾ ಅಂದು ಕಸ್ತೂರಿ ಮಿಲ್ಟನ್ನಿನ ಸಣ್ಣ ಗುಡ್ಡದಲ್ಲಿ ಕಂಡದ್ದೂ ಇದನ್ನೇ ಇರಬೇಕು. ಟಾಯರು ನೋಡುತ್ತ ನಿಂತವನಿಗೆ ಏನು ಕಾಣುತ್ತದೆ?

ಕಸ್ತೂರಿ ಕೋಲೂರಿ ನಿಂತು ಬಹಳ ಹೊತ್ತು ನೋಡಿದಳು.

"ಹೌದ್ರೀ, ಇದ ಗುಡ್ಡ" ಎಂದಳು. "ಸ್ವಲ್ಪ ಬೆಳದೈತಿ, ಅಲ್ಲ?"

"ಅಮ್ಮಾ, ಮೌಂಟನ್ಸ್ ಡೋಂಟ್ ಗ್ರೋ!" ವೀಣಾ ನಕ್ಕಳು.

"ಇಪ್ಪತ್ತ ವರ್ಷ ಆತು. ನೀ ಬೆಳದಿಲ್ಲೇನು?"

ನಾನು ಪಾರಾಗಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವಳ ಹರಕೆ ತೀರಿದ ಹಾಗೂ ಆಗುತ್ತಿತ್ತು, ನನ್ನ ಸುಳ್ಳು ನನ್ನ ಜೊತೆಗೇ ಮಣ್ಣಾಗುತ್ತಿತ್ತು. ಅಷ್ಟರಲ್ಲಿ ಅವಳು ಖಣ ಬಿಚ್ಚಿ ಕಲ್ಲು ತೆಗೆದಳು. ಬಗ್ಗಲಾಗದ ಮೊಣಕಾಲನ್ನು ಬಗ್ಗಿಸುತ್ತ, "ಬಂದಿ ನೋಡಪಾ ನಿನ್ನ ಮನಿಗೆ" ಎಂದು ಅದಕ್ಕೆ ಹೇಳಿದಳು.

ನನಗೆ ತಡೆಯಲಾಗಲಿಲ್ಲ. ತನ್ನ ಮನೆಯ ಎದುರಿಗೇ ಇಷ್ಟು ವರ್ಷ ಪರಸ್ಥಳದವನ ಹಾಗೆ ಕುಳಿತಿದ್ದ ಕಲ್ಲನ್ನು ಈಗ ನಿಜವಾಗಿ ಪರಸ್ಥಳದಲ್ಲಿ ಬಿಟ್ಟು ಹೋಗುವುದೆ?

"ಇಡಬ್ಯಾಡ" ಎಂದೆ. "ಅದರ ಮನಿ ಇದಲ್ಲ."

ಅವಳು ಅರ್ಧ ಬಗ್ಗಿದಲ್ಲೇ ನನ್ನ ಕಡೆ ನೋಡಿದಳು.

"ನಾವು ಇಲ್ಲಿಗೆ ಬಂದ ಇಲ್ಲ ಕಸ್ತೂರಿ. ಅವತ್ತ ಸ್ನೋದಾಗ ಅಂಜಿ ಗಾಡಿ ಹೊಳ್ಳಿಸಿದೆ. ನೀ ಮಲಗಿದ್ದಿ. ಸುಳ್ಳ ಹೇಳಿದೆ."

"ಹಂಗಾರ ಅವತ್ತ ಎಲ್ಲಿದ್ವಿ?"

"ನಮ್ಮ ಮನಿ ಕಿಡಕಿಯೊಳಗ ಕಾಣತೈತಲ್ಲ…"

"ಹುತ್ತ?"

"ಹ್ಞೂಂ. ಹುತ್ತ."

"ಐ ನ್ಯೂ ಇಟ್! ರೆಡ್ ಶೆಡ್!" ವೀಣಾ ಕೂಗಿದಳು.

ಕಸ್ತೂರಿ ಕಲ್ಲನ್ನು ಮತ್ತೆ ಖಣದಲ್ಲಿ ಸುತ್ತಿದಳು. ಕೋಲೂರಿಕೊಂಡು ಹೋಗಿ ಕಾರಿನಲ್ಲಿ ಕುಳಿತಳು. ವೀಣಾ ಮಿಲ್ಟನ್ನಿನ ದಾರಿ ಹಿಡಿದು ಒಂದು ತಾಸು ಓಡಿಸಿದಳು. ಆಮೇಲೆ ಹಿಂದೆ ತಿರುಗದೆಯೇ ಕೇಳಿದಳು, "ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ಅಂಜಿಕಿ."

"ರಸ್ತಾಕ್ಕೋ, ನನಗೋ?"

"ಮೊದಲ ರಸ್ತಾಕ್ಕ. ಆಮ್ಯಾಲ ನಿನಗ."

"ಕೈ ಮುರದಾಗರ ಹೇಳಬೇಕಿತ್ತು" ಎಂದಳು.

ಮಿಲ್ಟನ್ನಿಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಅದೇ ಪಾರ್ಕಿಂಗ್ ಲಾಟು. ಶೆಡ್ಡಿಗೆ ಹೊಸ ಬಣ್ಣ ಬಿದ್ದಿತ್ತು, ಕೆಂಪೇ. ಕಸ್ತೂರಿ ಇಳಿದು ಗುಡ್ಡದ ಮುಂದೆ ನಿಂತಳು. ಈಗ ಬೈಗುಳ ನನಗೆ ಎಂದುಕೊಂಡೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಎರಡೂ ಕೈಯಿಂದ ತನ್ನ ಗಲ್ಲ ಬಡಿದುಕೊಂಡಳು.

"ತಪ್ಪಾತವ್ವಾ! ನಮ್ಮನ್ನ ಇಟಗೊಂಡಾಕಿ ನೀ. ನಿನಗ ಇಷ್ಟ ವರ್ಷ ಹುತ್ತ, ಹುತ್ತ ಅಂದೆ!" ಅವಳ ಕಣ್ಣಲ್ಲಿ ನೀರು. ಆಮೇಲೆ ನನ್ನತ್ತ ತಿರುಗಿ, "ಏನ್ ನಿಂತೀರಿ? ಬಡಕೋರಿ" ಎಂದಳು.

ಬಡಿದುಕೊಂಡೆ. ಗಟ್ಟಿಯಾಗಿಯೇ. ಸ್ಕೀ ಹೊತ್ತು ಹೋಗುತ್ತಿದ್ದ ಒಬ್ಬ ಹೆಂಗಸು ನನಗೆ ಹುಷಾರಿದೆಯೇ ಎಂದು ಕೇಳಿದಳು. ಹೌದು, ಈಗ ಹುಷಾರು ಎಂದೆ.

ಕಲ್ಲನ್ನು ಶೆಡ್ಡಿನ ಮಗ್ಗುಲಲ್ಲಿ ಇಟ್ಟು, ಇನ್ನು ನಾಲ್ಕು ಹುಡುಕಿ ಜೊತೆ ಮಾಡಿದೆವು. ಹಳೆಯ ನಾಲ್ವರೇ ಸಿಕ್ಕರೋ ಏನೋ, ಯಾರು ಬಲ್ಲರು. ಕಸ್ತೂರಿ ಚರಗ ಹಿಡಿದು ಕೂಗಿದಳು: "ಹುಲ್ಲುಲ್ಲಿಗೋ…" ದನಿ ನಡುಗಿತು, ವಯಸ್ಸಾಗಿದೆ. ಕೂಗಿ, ಮುಂದೆ ಹೆಜ್ಜೆಯಿಡದೆ, ಕಾದಳು.

ನಾನು ನೀರು ಚಿಮುಕಿಸಿ, ಎದೆಯಲ್ಲಿದ್ದಷ್ಟೂ ಉಸಿರು ಹಾಕಿ ಕೂಗಿದೆ: "ಚಲ್ಲಾಂಬರಿಗೋ…"

ಗುಡ್ಡ ಅದನ್ನು ಹಿಡಿದು ವಾಪಸು ಎಸೆಯಿತು. ನಮ್ಮ ಸಪಾಟು ಹೊಲದಲ್ಲಿ ಹಾಗೆ ಎಂದೂ ಆಗಿರಲಿಲ್ಲ. ಕೂಗು ಹೋಗಿ ಹೋಗಿ ಅಲ್ಲೇ ಕರಗುತ್ತಿತ್ತು. ಕುರ್ಚಿಯಲ್ಲಿ ಮೇಲೆ ತೇಲುತ್ತಿದ್ದ ಯಾರೋ ಕೈಯೆತ್ತಿ "ವೂ ಹೂ!" ಎಂದು ಕೂಗಿದರು. ಅವರ ಹಿಂದಿನ ಕುರ್ಚಿಯವರೂ ಕೂಗಿದರು. ಇಳಿಬಿಸಿಲಿಗೆ ಇಡೀ ಇಳಿಜಾರು ಹೊಂಬಣ್ಣವಾಗಿತ್ತು, ಅದರ ಮೇಲಿಂದ ಹಕ್ಕಿಯಾದ ಮಂದಿ ಇಳಿದು ಬರುತ್ತಿದ್ದರು. ಅಬ್ಬಬ್ಬಾ ಎಂದೆ, ಇಪ್ಪತ್ತೆರಡು ವರ್ಷ ತಡವಾಗಿ.

ಕಾರಿನ ಬಾನೆಟ್ಟಿನ ಮೇಲೆ ಬುತ್ತಿ ಬಿಚ್ಚಿ ಉಂಡೆವು. ಕಸ್ತೂರಿ ನನ್ನ ಕೈಗೆ ಹೋಳಿಗೆ ಹಾಕುತ್ತ ಹೇಳಿದಳು, "ಕಾಲಿಂಗ್‌ವುಡ್ಡಿನ ಹೆಸರ ಸುಳ್ಳ ಸುಳ್ಳ ಹೇಳಿಕೊಂಡ ಬಂದ್ವಿ. ಅದಕ್ಕೂ ಒಂದ್ ಚರಗಾ ಚೆಲ್ಲಬೇಕು. ಬರೋ ಎಳ್ಳ ಅಮಾಸಿಗಿ, ನನ್ನ ಕಾಲ ನೆಟ್ಟಗಾದ ಮ್ಯಾಲ."

"ಶೂರ್ ಅಮ್ಮಾ, ಐ ವಿಲ್…" ಎಂದಳು ವೀಣಾ.

"ನೀ ಬ್ಯಾಡವ್ವ. ಗಾಡಿ ಇವರ ಓಡಸಲಿ. ನಾಲ್ಕುನೂರರ ಮ್ಯಾಲ. ಅಂಜಿಕಿ ಬಂದ್ರ ನನ್ನ ಎಬ್ಬಸಬೇಕು. ತಿಳೀತಿಲ್ಲೋ?"

"ಹ್ಞೂಂ" ಎಂದೆ.

ಹೋಳಿಗೆ ಹಿಡಿದ ಕೈ ಆಗಲೇ ನಡುಗುತ್ತಿತ್ತು. ಅವಳು ನೋಡಿದಳು. ನಾನು ಬಚ್ಚಿಡಲಿಲ್ಲ.